ಕನ್ನಡ ಶಾಲೆಯ ಮಕ್ಕಳಿಗೆ ವಿಡಿಯೋ ಎಡಿಟಿಂಗ್ ಕಲಿಸಿದ ಅನುಭವ: ಅರ್ಜಿಯಿಂದ ಪರದೆಯವರೆಗೆ

ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ವಿಡಿಯೋ ಎಡಿಟಿಂಗ್ ಕಲಿಸುವ ಕೆಲಸ ಈ ಜನವರಿಯಲ್ಲಿ ಮುಗಿಯಿತು. ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ದಿನ ಮಕ್ಕಳು ಮಾಡಿದ ಕಿರುಚಿತ್ರಗಳು ಪರದೆಯ ಮೇಲೆ ಬಂದವು. ನನ್ನ ಹೊಟ್ಟೆಪಾಡು ಗೋರೆಗಾಂವ್ ಕಡೆ ಎಡಿಟಿಂಗ್. ಬಿಡುವು ಅಂತ ಸಿಗುವುದು ಶನಿವಾರ ಮಧ್ಯಾಹ್ನ ಮಾತ್ರ. ಕಲಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಕಲಿಸಲು ಶುರು ಮಾಡುವುದಕ್ಕೆ. ಈಗ ಡೊಂಬಿವಲಿ, ಥಾಣೆ, ಪುಣೆಯ ಕನ್ನಡ ಗೆಳೆಯರು "ನಮ್ಮಲ್ಲೂ ಮಾಡಬೇಕು, ಏನೇನು ಬೇಕಾಗ್ತದೆ?" ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಮೊದಲಿನಿಂದ ಬರೆಯುತ್ತಿದ್ದೇನೆ.

ಜೂನ್ ಮಧ್ಯದಲ್ಲಿ ಶಾಲೆ ತೆರೆದ ಕೂಡಲೇ ಮುಖ್ಯೋಪಾಧ್ಯಾಯಿನಿಯವರಿಗೆ ಅರ್ಜಿ ಕೊಟ್ಟೆ. ಅವರು ಖುಷಿಯಿಂದ ಒಪ್ಪಿದರು. ಆದರೆ ತೀರ್ಮಾನ ಆಡಳಿತ ಮಂಡಳಿಯದ್ದು, ಮಂಡಳಿಯ ಸಭೆ ತಿಂಗಳಿಗೊಮ್ಮೆ. ಮೊದಲ ಸಭೆಗೆ ಕೋರಂ ಆಗಲಿಲ್ಲ. ಮುಂದಿನ ಸಭೆಯಲ್ಲಿ ಪಾಠದ ವಿವರ ಬರೆದು ಕೊಡಿ ಅಂದರು. ಜೊತೆಗೆ ನನ್ನ ಆಧಾರ್ ಪ್ರತಿ, ಫೋಟೋ, ಪೊಲೀಸರ ಚಾರಿತ್ರ್ಯ ಪ್ರಮಾಣಪತ್ರ. ಹೊರಗಿನವರು ಮಕ್ಕಳ ಜೊತೆ ಕೆಲಸ ಮಾಡುವಾಗ ಇದನ್ನು ಕೇಳುವುದು ನ್ಯಾಯವೇ. ಪೊಲೀಸ್ ಪ್ರಮಾಣಪತ್ರದ ಅರ್ಜಿ ಆನ್‌ಲೈನ್‌ನಲ್ಲಿ ಹಾಕಬಹುದು, ಆದರೆ ವಿಳಾಸದ ದಾಖಲೆ ಹಿಡಿದು ಠಾಣೆಗೆ ಹೋಗಬೇಕಾಗುತ್ತದೆ. ನನ್ನ ಬಾಡಿಗೆ ಕರಾರಿನ ಅವಧಿ ಅಷ್ಟರಲ್ಲೇ ಮುಗಿದಿದ್ದರಿಂದ ಹೊಸ ಕರಾರು ನೋಂದಣಿ ಆಗುವ ತನಕ ಕಾಯಬೇಕಾಯಿತು. ನೀವು ಬಾಡಿಗೆ ಮನೆಯಲ್ಲಿದ್ದರೆ ಕರಾರಿನ ತಾರೀಖು ಮೊದಲೇ ನೋಡಿಕೊಳ್ಳಿ.

ಪಾಲಕರ ಒಪ್ಪಿಗೆ ಪತ್ರ ಇನ್ನೊಂದು ಘಟ್ಟ. ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು ಮಾಡಿಸಿದೆ. ಈ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಕರಾವಳಿಯವರು, ಅಪ್ಪಂದಿರು ಹೋಟೆಲು ಕ್ಯಾಂಟೀನುಗಳಲ್ಲಿದ್ದಾರೆ. ಉಳಿದವರು ಕಲಬುರಗಿ, ಯಾದಗಿರಿ ಕಡೆಯವರು, ಮನೆಮಂದಿ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಪತ್ರ ಮನೆಗೆ ಹೋಗಿ ಸಹಿಯಾಗಿ ಬರಲು ವಾರಗಟ್ಟಲೆ ಬೇಕಾಯಿತು, ಯಾಕೆಂದರೆ ಸಹಿ ಹಾಕಬೇಕಾದವರು ಮಕ್ಕಳು ಮಲಗಿದ ಮೇಲೆ ಮನೆಗೆ ಬಂದು ಏಳುವ ಮೊದಲೇ ಹೊರಟಿರುತ್ತಾರೆ. ಪತ್ರದಲ್ಲಿ ನಾಲ್ಕು ಮಾತು ಸ್ಪಷ್ಟವಾಗಿರಲಿ: ಚಿತ್ರೀಕರಣ ಎಲ್ಲೆಲ್ಲಿ, ತೋರಿಸುವುದು ಎಲ್ಲಿ, ಇಂಟರ್‌ನೆಟ್ಟಿಗೆ ಹಾಕುವುದಿಲ್ಲ, ಮಗು ಬೇಡವೆಂದರೆ ಯಾವಾಗ ಬೇಕಾದರೂ ಬಿಡಬಹುದು. ಮೂರನೆಯ ಮಾತು ಓದಿದ ಮೇಲೆಯೇ ಹಲವು ತಾಯಂದಿರು ಒಪ್ಪಿದ್ದು. ತರಗತಿ ನಡೆಯುವಾಗಲೆಲ್ಲ ಒಬ್ಬ ಟೀಚರ್ ಕೂತಿರಬೇಕೆಂದು ನಾನೇ ಕೇಳಿಕೊಂಡೆ, ಅದರಿಂದ ಎಲ್ಲರಿಗೂ ನೆಮ್ಮದಿ.

ಇಷ್ಟಾದರೂ ಶಾಲೆಯೊಳಗೆ ಮೊಬೈಲ್ ತರುವಂತಿಲ್ಲ. ಅದಕ್ಕೆ ಹಳೆಯ ವಿದ್ಯಾರ್ಥಿಗಳಿಂದ ಬಳಸಿದ ಫೋನುಗಳನ್ನು ಕೇಳಿ ತಂದು, ಸಿಮ್ ತೆಗೆದು, ಆಫೀಸಿನ ಕಪಾಟಿನಲ್ಲಿ ಇಡಿಸಿದೆವು. ಅವು ಶಾಲೆಯ ಕ್ಯಾಮೆರಾಗಳಾದವು.

ಕಂಪ್ಯೂಟರ್ ಕೋಣೆಯ ಯಂತ್ರಗಳು ಹಳೆಯವು, ಒಂದೊಂದರಲ್ಲಿ 4 ಜಿಬಿ ರ‍್ಯಾಮ್. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಬಣ್ಣದ ಕೆಲಸಕ್ಕೆ ಅದನ್ನು ಮೀರಿಸಿದ್ದು ಕಡಿಮೆ. ಆದರೆ ಅದಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಆ ಆಸೆ ಬಿಟ್ಟು ಶಾಟ್‌ಕಟ್ ಎಂಬ ಇನ್ನೊಂದು ತಂತ್ರಾಂಶ ಹಾಕಿದೆ. ಅದು ಉಚಿತ, ವಾಟರ್‌ಮಾರ್ಕ್ ಇಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿದರೆ ಎಡಿಟ್ ಮಾಡುವಾಗ ಚಿಕ್ಕ ನಕಲು ಬಳಸಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲನ್ನು ತೆಗೆದುಕೊಳ್ಳುತ್ತದೆ. ಗ್ರಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ರ‍್ಯಾಮ್, ಫೈಲು ಇಡಲು ಎಸ್‌ಎಸ್‌ಡಿ, ಕಾಲರ್ ಮೈಕ್, ಮೆಮೊರಿ ಕಾರ್ಡ್ ತಂದೆ. ಎಲ್ಲ ಸೇರಿ 14,000 ರೂಪಾಯಿಯ ಹತ್ತಿರ ಆಯಿತು. ಅರ್ಧ ನಾನು, ಅರ್ಧ ಹಳೆಯ ವಿದ್ಯಾರ್ಥಿಗಳು ಹಾಕಿದೆವು. ಪಕ್ಕಾ ಬಿಲ್ಲು ಕೇಳಿ ತೆಗೆದುಕೊಳ್ಳಿ. ಬಿಲ್ಲಿಲ್ಲದೆ ಶಾಲೆಯ ಸಾಮಾನು ದಾಖಲಿಸುವ ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಏರುವುದಿಲ್ಲ, ಅಲ್ಲಿ ಏರದಿದ್ದರೆ ಯಂತ್ರಕ್ಕೆ ಹಾಕಲು ಬಿಡುವುದಿಲ್ಲ. ನಾನು ತಂದ ರ‍್ಯಾಮ್ ಹಾಗೇ ಡಬ್ಬಿಯಲ್ಲಿ ಕೆಲವು ವಾರ ಕೂತಿತ್ತು.

ಮಳೆಗಾಲ ಬೇರೆ. ರೆಡ್ ಅಲರ್ಟ್ ಬಂದ ಶನಿವಾರ ರಜೆ, ಹಳಿಯ ಮೇಲೆ ನೀರು ನಿಂತರೆ ನಾನೇ ತಲುಪುವುದಿಲ್ಲ. ಆಮೇಲೆ ಗಣಪತಿ. ಮುಂಬಯಿಯಲ್ಲಿ ಇಂಥದ್ದನ್ನು ಶುರು ಮಾಡುವವರು ಜುಲೈ, ಆಗಸ್ಟ್‌ನ ಅರ್ಧ ಶನಿವಾರಗಳು ಕೈಗೆ ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಕೊನೆಗೂ ತರಗತಿ ಶುರುವಾದಾಗ ಮಕ್ಕಳ ಮೊದಲ ಪ್ರಶ್ನೆ, "ಸರ್, ಎಫೆಕ್ಟ್ ಹಾಕೋದು ಹೇಗೆ?" ಎಫೆಕ್ಟಿನ ಮೆನು ತೆರೆಯಲೇ ಇಲ್ಲ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಮುಖವನ್ನು ಕಿಟಕಿಯ ಬೆಳಕಿನಲ್ಲಿ, ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುವ ಹಾಗೆ ಚಿತ್ರೀಕರಿಸಿದೆವು. ಆ ಕ್ಲಿಪ್ಪಿನ ಮುಂದೆ ಒಮ್ಮೆ ಹಬೆಯಾಡುವ ಅನ್ನದ ತಟ್ಟೆ, ಒಮ್ಮೆ ಕೆಂಪು ಗೆರೆ ಎಳೆದ ಉತ್ತರ ಪತ್ರಿಕೆ, ಒಮ್ಮೆ ಊರಿಗೆ ಹೊರಟ ಬಸ್ಸಿನ ಹಿಂಭಾಗ. ಬೇರೆ ತರಗತಿಯ ಮಕ್ಕಳನ್ನು ಕರೆದು ತೋರಿಸಿದೆವು. ಹಸಿವಾಗಿದೆ, ಫೇಲಾಗಿದ್ದಾಳೆ, ಅಜ್ಜಿ ಹೊರಟುಹೋದರು ಅಂತ ಅವರೇ ಹೇಳಿದರು. ಮುಖ ಚೆನ್ನಾಗಿ ಅಭಿನಯಿಸಿದ್ದಾಳೆ ಎಂದೂ ಒಬ್ಬಳು ಹೊಗಳಿದಳು. ಆಗ ನಮ್ಮ ಹುಡುಗರಿಗೆ ತಡೆಯಲಾಗಲಿಲ್ಲ. "ಮೂರರಲ್ಲೂ ಮುಖ ಒಂದೇ!" ಅಂತ ಕೂಗಿದರು. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ಚಿತ್ರ ನಿರ್ದೇಶಕರು ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಇಂಥವುಗಳ ಪಕ್ಕ ಜೋಡಿಸಿ ಇದನ್ನೇ ಮಾಡಿದ್ದರು ಅಂತ ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಅದು ಪಾಠವಾಗಿ ಉಳಿಯುತ್ತಿತ್ತು.

ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ಶಾಟಿಗೆ ಅರ್ಥ ಕೊಡುವುದು ಪಕ್ಕದ ಶಾಟು ಅನ್ನುವುದು ಮಕ್ಕಳಿಗೆ ಮೊದಲು ಗೊತ್ತಾದರೆ, ಬಣ್ಣದ ಪಾಠ ಅರ್ಧ ಆದಂತೆ. ಬಣ್ಣದಿಂದ ಶುರು ಮಾಡಿದರೆ ಅವರು ಎಲ್ಲಕ್ಕೂ ನೀಲಿ ಫಿಲ್ಟರ್ ಹಾಕಿ ಕೂರುತ್ತಾರೆ.

ಕಟ್ ಮಾಡುವುದು ಕಲಿತ ಮೇಲೆ ತೊಂದರೆಗಳು ಫೂಟೇಜಿನಿಂದಲೇ ಬಂದವು. ತರಗತಿಯೊಳಗೆ ತೆಗೆದ ವಿಡಿಯೋದಲ್ಲಿ ಟ್ಯೂಬ್‌ಲೈಟಿನ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿದಾಡುತ್ತಿದ್ದವು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಫೋನು ತಾನೇ ಆರಿಸಿಕೊಂಡ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, ಆ ಮಿಡಿತಕ್ಕೆ ಹೊಂದುವುದಿಲ್ಲ. ಓಪನ್ ಕ್ಯಾಮೆರಾದಂಥ ಉಚಿತ ಆ್ಯಪ್ ಹಾಕಿ, ಫೋನಿನಲ್ಲಿ ಆಗುವುದಾದರೆ ಶಟರನ್ನು 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿ. ಅದೇ ಆ್ಯಪ್‌ನಲ್ಲಿ ವೈಟ್ ಬ್ಯಾಲೆನ್ಸನ್ನೂ, ಅಂದರೆ ಬಿಳಿ ಬಿಳಿಯಾಗೇ ಕಾಣುವ ಹಾಗೆ ಮಾಡುವ ಬಣ್ಣದ ಹೊಂದಾಣಿಕೆಯನ್ನೂ, ಲಾಕ್ ಮಾಡಬಹುದು, ಮುಂದೆ ಬಣ್ಣದ ಕೆಲಸಕ್ಕೆ ಇದು ಬೇಕೇ ಬೇಕು. ಲಾಕ್ ಮಾಡದಿದ್ದರೆ ಕ್ಯಾಮೆರಾ ಕಿಟಕಿಯಿಂದ ಗೋಡೆಗೆ ತಿರುಗುವಷ್ಟರಲ್ಲಿ ಗೋಡೆಯ ಬಣ್ಣ ಬದಲಾಗಿರುತ್ತದೆ. ಫೋನಿನ ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ಸ್ಥಿರವಾಗಿರುವುದಿಲ್ಲ, ಉದ್ದದ ಕ್ಲಿಪ್ಪಿನ ಕೊನೆಗೆ ತುಟಿಗೂ ಮಾತಿಗೂ ತಾಳೆಯಾಗದೆ ಹೋಗಬಹುದು. ಶಾಟ್‌ಕಟ್ ಅದನ್ನು ಗುರುತಿಸಿ, ಎಡಿಟಿಗೆ ಒಗ್ಗುವ ಫೈಲಾಗಿ ಬದಲಿಸಲೇ ಅಂತ ಕೇಳುತ್ತದೆ. ಹೌದೆನ್ನಿ. ಫೈಲು ದೊಡ್ಡದಾಗುತ್ತದೆ, ಅದಕ್ಕೇ ಎಸ್‌ಎಸ್‌ಡಿ.

ವಾಟ್ಸಾಪ್‌ನಲ್ಲಿ ಕ್ಲಿಪ್ ಕಳಿಸುವಾಗ ವಿಡಿಯೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಬರುತ್ತದೆ. ಪೆನ್‌ಡ್ರೈವಿನಿಂದ ನೇರವಾಗಿ ಟೈಮ್‌ಲೈನಿಗೆ ಎಳೆದ ತಂಡದ ಕ್ಲಿಪ್ಪುಗಳೆಲ್ಲ ಮುಂದಿನ ಶನಿವಾರ ಕಾಣೆಯಾಗಿದ್ದವು, ಯಾಕೆಂದರೆ ಎಡಿಟರ್ ಫೈಲು ಇರುವ ಜಾಗವನ್ನಷ್ಟೇ ನೆನಪಿಡುತ್ತದೆ. ತಂಡಕ್ಕೊಂದು ಫೋಲ್ಡರ್, ಎಲ್ಲವೂ ಅದರೊಳಗೇ.

ಬಣ್ಣದ ಪಾಠ ನವರಾತ್ರಿಯ ಹೊತ್ತಿಗೆ ಬಂದದ್ದು ಒಳ್ಳೆಯದಾಯಿತು. ಆ ಒಂಬತ್ತು ದಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನಕ್ಕೊಂದು ಬಣ್ಣದ ಸೀರೆ, ಕುರ್ತಾ. ಇವತ್ತು ಯಾವ ಬಣ್ಣ ಅಂತ ಮಕ್ಕಳಿಗೆ ಅಮ್ಮನಿಂದಲೇ ಗೊತ್ತಿರುತ್ತದೆ. ಕ್ರಾಫರ್ಡ್ ಮಾರ್ಕೆಟ್ ಕಡೆಯಿಂದ ಜಿಲೆಟಿನ್ ಪೇಪರ್ ತಂದಿದ್ದೆ. ಟಾರ್ಚಿಗೆ ಹಳದಿ ಹಾಳೆ ಕಟ್ಟಿ ಗೋಡೆಗೆ ಹಿಡಿದು, ಇದು ಏನನ್ನು ನೆನಪಿಸುತ್ತದೆ, ಒಬ್ಬೊಬ್ಬರೇ ಬರೆಯಿರಿ ಅಂದೆ.

ಕುಂದಾಪುರದ ಹುಡುಗ ಬರೆದದ್ದು ಭೂತ. ಕೋಲ ಕಟ್ಟುವವರು ಮುಖಕ್ಕೆ ಅರದಾಳದ ಹಳದಿ ಹಚ್ಚುವುದನ್ನು ಅವನು ನೋಡಿದ್ದ, ಹಳದಿ ಅಂದರೆ ಅವನಿಗೆ ಸ್ವಲ್ಪ ಭಯ. ಯಾದಗಿರಿ ಕಡೆಯ ಹುಡುಗಿ ಎದ್ದು ನಿಂತು, "ಸರ, ಅದು ಭಂಡಾರ ರೀ. ಮೈಲಾರಲಿಂಗನ ಜಾತ್ರ್ಯಾಗ ತೂರ್ತಾರಲ್ರಿ" ಅಂದಳು. ಭಂಡಾರ ಅಂದರೆ ಅರಿಸಿನದ ಪುಡಿ, ಅವಳಿಗೆ ಅದು ಹಬ್ಬ. ಜೇಜುರಿಯ ಖಂಡೋಬನ ಗುಡ್ಡಕ್ಕೆ ಹೋಗಿ ಬಂದಿದ್ದ ಇನ್ನೊಬ್ಬಳು, ಅಲ್ಲೂ ಅದೇ ಹಳದಿ ಅಂದಳು; ಖಂಡೋಬ, ಮೈಲಾರ ಒಂದೇ ದೇವರು ಅನ್ನುವುದು ಆ ತರಗತಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಮುಂಬಯಿಯಲ್ಲೇ ಹುಟ್ಟಿದ ಒಬ್ಬ ಟ್ಯಾಕ್ಸಿಯ ಮೇಲ್ಭಾಗ ಅಂತ ಬರೆದಿದ್ದ. ಮೂಲೆಯಲ್ಲಿ ಕೂತಿದ್ದ ಚಿಕ್ಕ ಹುಡುಗಿಯ ಚೀಟಿಯಲ್ಲಿ 'ಕಾಮಾಲೆ, ಅಪ್ಪನ ಕಣ್ಣು' ಅಂತಿತ್ತು. ಅದನ್ನು ಗಟ್ಟಿಯಾಗಿ ಓದಲಿಲ್ಲ. ಮಕ್ಕಳಿಗೆ ಬಣ್ಣದ ನೆನಪು ಕೇಳುವವರು ಚೀಟಿಯಲ್ಲಿ ಬರೆಸಿ, ಹೆಸರು ಬೇಡ ಅನ್ನಿ.

ಕೆಂಪು ಅಂದರೆ ಕೋಪ, ನೀಲಿ ಅಂದರೆ ಶಾಂತಿ, ಹಳದಿ ಅಂದರೆ ಸಂತೋಷ ಎಂಬ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ. ಅವುಗಳನ್ನು ಗೋಡೆಗೆ ಅಂಟಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ನಾಟ್ಯಶಾಸ್ತ್ರದಲ್ಲೇ ರಸಕ್ಕೊಂದು ಬಣ್ಣ ಹೇಳಿದೆ: ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ, ಬೀಭತ್ಸಕ್ಕೆ ನೀಲಿ. ಪೇಟೆಯ ಪಟ್ಟಿಯಲ್ಲಿ ಶಾಂತಿಯ ನೀಲಿ, ಭರತನ ನಾಟ್ಯಶಾಸ್ತ್ರದಲ್ಲಿ ಹೇಸಿಗೆಯ ನೀಲಿ. ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು, ಯಾವುದು ಸರಿ ಅಂತ ಮಕ್ಕಳನ್ನೇ ಕೇಳಿದೆ. ಕಥಕಳಿಯಲ್ಲಿ ಹಸಿರು ಮುಖದವನು ನಾಯಕ ಅಂತಲೂ ಹೇಳಿದೆ. "ಹಾಗಾದ್ರೆ ಪಕ್ಕದಲ್ಲಿ ಏನಿದೆ ಅಂತ ನೋಡ್ಬೇಕು" ಎಂದದ್ದು ಅನ್ನದ ತಟ್ಟೆ ಚಿತ್ರೀಕರಿಸಿದ್ದ ಹುಡುಗ. ಆ ಕ್ಷಣದಲ್ಲಿ ನನಗಾದ ಸಂತೋಷ ಈ ಕೆಲಸದ ಸಂಬಳ. ಖಾಲಿ ಹಳದಿ ಪರದೆಯನ್ನು ಆಸ್ಪತ್ರೆಯ ಹಾಸಿಗೆಯ ಮುಂದೆ ಇಟ್ಟು ನೋಡಿದೆವು, ಡೊಳ್ಳಿನ ಶಬ್ದದ ಮೇಲೆ ಇಟ್ಟು ನೋಡಿದೆವು, ಮಳೆಯ ರಸ್ತೆಯ ನಡುವೆ ಇಟ್ಟು ನೋಡಿದೆವು. ಬಣ್ಣ ಒಂದೇ, ಕಾಯಿಲೆಯಾಯಿತು, ಜಾತ್ರೆಯಾಯಿತು, ಟ್ಯಾಕ್ಸಿಯಾಯಿತು. ಬಿಳಿಯನ್ನೂ ಹೀಗೇ ಮಾಡಿದೆವು. ವಿಧವೆ ಅಜ್ಜಿಯ ಸೀರೆ, ಇಗರ್ಜಿಯ ಮದುಮಗಳು, ಶಾಲೆಯ ಅಂಗಿ.

ಕಲರ್ ಗ್ರೇಡಿಂಗ್, ಅಂದರೆ ದೃಶ್ಯದ ಬಣ್ಣ ತಿದ್ದುವ ಕೆಲಸ, ಶುರುವಾದಾಗ ಒಂದು ಸೂಕ್ಷ್ಮ ವಿಷಯ ಎದುರಾಯಿತು. ಎಂಟನೇ ತರಗತಿಯ ಒಬ್ಬ ಹುಡುಗ ಗ್ರೇಡ್ ಮಾಡಿದ ದೃಶ್ಯಗಳಲ್ಲಿ ಮುಖಗಳೆಲ್ಲ ಹಸಿರಿಗೆ ತಿರುಗಿರುತ್ತಿದ್ದವು. ತಿದ್ದಿದರೂ ಮತ್ತೆ ಹಾಗೇ. ಅವನ ಪಕ್ಕ ಕೂತು ನೋಡಿದೆ. ಕಲರ್ ವೀಲಿನ ಚುಕ್ಕೆಯನ್ನು ಅವನು ಕೆಂಪಿನಿಂದ ಹಸಿರಿಗೆ ನಿಧಾನವಾಗಿ ಎಳೆದ, ನಡುವೆ ನಿಲ್ಲಿಸಿದ, ನನ್ನ ಮುಖ ನೋಡಿದ. ಪರದೆಯನ್ನಲ್ಲ, ಎದುರಿಗಿದ್ದವರ ಮುಖ ನೋಡಿ ಬಣ್ಣ ಸರಿಯಾಯಿತೇ ಅಂತ ತಿಳಿಯುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ತರಗತಿಯಲ್ಲಿ ಏನೂ ಹೇಳದೆ ಕ್ಲಾಸ್ ಟೀಚರಿಗೆ ತಿಳಿಸಿದೆ, ಅವರು ತಾಯಿಯನ್ನು ಕರೆಸಿದರು. ಪಾಲಿಕೆ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಚುಕ್ಕೆಗಳ ನಡುವೆ ಅಂಕಿ ಓದಿಸುವ ಇಶಿಹಾರ ಪರೀಕ್ಷೆ ಮಾಡಿದರು. ಕೆಂಪು, ಹಸಿರು ಬೇರ್ಪಡಿಸುವ ಶಕ್ತಿ ಅವನಿಗೆ ಕಡಿಮೆ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು. ತಾಯಿ ಕೇಳಿದ್ದು ಒಂದೇ, "ಮುಂದೆ ಕೆಲಸಕ್ಕೆ ತೊಂದರೆ ಉಂಟಾ ಸರ್?" ರೈಲು ಓಡಿಸುವಂಥ ಕೆಲಸಕ್ಕೆ ಬಣ್ಣದ ಪರೀಕ್ಷೆ ಇದೆ, ಅದನ್ನು ಈಗಲೇ ತಿಳಿದುಕೊಂಡಿರುವುದು ಒಳ್ಳೆಯದು, ಉಳಿದ ಎಷ್ಟೋ ದಾರಿ ತೆರೆದಿವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನಿಗೆ ಶಾಟ್‌ಕಟ್ಟಿನ ಆರ್‌ಜಿಬಿ ಪರೇಡ್ ತೋರಿಸಿದೆ. ಚಿತ್ರದ ಕೆಂಪು, ಹಸಿರು, ನೀಲಿ ಎಷ್ಟೆಷ್ಟಿವೆ ಅಂತ ಮೂರು ಕಂಬಗಳಲ್ಲಿ ಕಾಣುತ್ತದೆ. ಬಿಳಿ ಗೋಡೆಯ ಭಾಗದಲ್ಲಿ ಮೂರರ ಎತ್ತರ ಒಂದೇ ಇದ್ದರೆ ಬಿಳಿ ನಿಜವಾಗಿಯೂ ಬಿಳಿ. ಕಣ್ಣನ್ನು ನಂಬುವ ಮಕ್ಕಳು ಆ ದಿನದ ಮೂಡಿಗೆ ತಕ್ಕಂತೆ ಎಳೆಯುತ್ತಿದ್ದರೆ, ಇವನು ಕಂಬ ನೋಡಿ ಕರಾರುವಾಕ್ಕಾಗಿ ಕೂರಿಸುತ್ತಿದ್ದ. ಕೆಲವೇ ವಾರಗಳಲ್ಲಿ ಎಲ್ಲ ತಂಡದವರೂ ವೈಟ್ ಬ್ಯಾಲೆನ್ಸಿಗೆ ಅವನನ್ನೇ ಕರೆಯತೊಡಗಿದರು. ಬಣ್ಣ ಕಲಿಸುವವರು ಮೊದಲ ದಿನದಿಂದಲೇ ಪರೇಡಿನಂಥ ಸ್ಕೋಪುಗಳನ್ನು ತೆರೆದಿಡಿ ಅನ್ನುವುದು ನನ್ನ ಬೇಡಿಕೆ. ನಿಮ್ಮ ತರಗತಿಯಲ್ಲೂ ಅಂಥ ಒಬ್ಬ ಇರಬಹುದು.

ಹೊರಗಿನ ಚಿತ್ರೀಕರಣಕ್ಕೆ ಮಕ್ಕಳಿಗೆ ರೈಲ್ವೆ ಸ್ಟೇಷನ್ನೇ ಬೇಕಿತ್ತು. ಅಲ್ಲಿ ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ ಬೇಕು, ಶಾಲೆಯ ಪತ್ರವಷ್ಟೇ ಸಾಲದು. ಬಿಟ್ಟೆವು. ಮುಂಬಯಿಯ ನಗರ ಸಾರಿಗೆ ಬೆಸ್ಟ್‌ನ ಕೆಂಪು ಬಸ್ಸನ್ನು ಫುಟ್‌ಪಾತಿನಿಂದ ತೆಗೆದೆವು, ಟ್ರೈಪಾಡ್ ಇಲ್ಲದೆ, ಫೋನನ್ನು ಗೋಡೆಗೆ ಒತ್ತಿ ಹಿಡಿದು. ಒಬ್ಬ ಹುಡುಗಿಯ ಅಪ್ಪ ಕೆಲಸ ಮಾಡುವ ಹೋಟೆಲಿನ ಮಾಲಕರು ಮಧ್ಯಾಹ್ನ ಮೂರರ ಮೇಲೆ, ಗಿರಾಕಿ ಕಡಿಮೆಯಿದ್ದಾಗ ಅಡುಗೆಮನೆಯೊಳಗೆ ಬಿಟ್ಟರು. ಹಂಡೆಯ ಮೇಲಿನ ಆವಿಯ ಹಿಂದೆ ಅಪ್ಪನ ಮುಖ ಮಸುಕಾಗಿ ಕಾಣುವ ಶಾಟ್ ಅವಳದ್ದು. ಬಿಳಿ ಥರ್ಮಾಕೋಲ್ ಹಾಳೆಯಿಂದ ಬೆಳಕು ತಿರುಗಿಸಿದ್ದು ಬಿಟ್ಟರೆ ಬೇರೆ ದೀಪ ಇರಲಿಲ್ಲ. ಅದಕ್ಕೆ ಯಾವ ಗ್ರೇಡಿಂಗೂ ಬೇಡವೆಂದು ಅವಳೇ ತೀರ್ಮಾನಿಸಿದಳು.

ಸಿನಿಮಾ ಹಾಡು ಬೇಡವೆಂದಾಗ ಮುನಿಸು. ಕಾಪಿರೈಟಿನ ಮಾತನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಬೇಕು: ನಿಮ್ಮ ಶಾಟನ್ನು ಬೇರೆಯವರು ಕೇಳದೆ ಹಾಕಿಕೊಂಡರೆ ಹೇಗಾದೀತು? ಒಬ್ಬ ಹುಡುಗ ಯಕ್ಷಗಾನ ತರಗತಿಗೆ ಹೋಗುತ್ತಾನೆ, ಅಲ್ಲಿಯ ಗುರುಗಳ ಅನುಮತಿ ಪಡೆದು ಚೆಂಡೆ ಮುದ್ರಿಸಿಕೊಂಡು ಬಂದ.

ಕನ್ನಡ ಅಕ್ಷರಗಳದ್ದು ಬೇರೆಯೇ ಗೋಳು. ಟೀಚರ್ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟ ಶೀರ್ಷಿಕೆ ಎಡಿಟರಿಗೆ ಹಾಕಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾದವು. ಹಳೆಯ ಎನ್‌ಕೋಡಿಂಗ್ ಬೇಡ, ಯೂನಿಕೋಡಿನಲ್ಲೇ ಟೈಪ್ ಮಾಡಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ ಫಾಂಟುಗಳು. ಬಾಲೂ ತಮ್ಮ ರೂಪಿಸಿದ್ದು ಮುಂಬಯಿಯ ಏಕ್ ಟೈಪ್ ತಂಡ ಅಂದಾಗ ಮಕ್ಕಳು ಅದನ್ನೇ ಆರಿಸಿಕೊಂಡರು. ಫೋನಿನ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಸರಿಯುತ್ತದೆ. ಹಾಗಾದರೆ ಶೀರ್ಷಿಕೆಯನ್ನು ಬೇರೆ ಕಡೆ ಚಿತ್ರವಾಗಿ ಮಾಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿಯಾಗಿ ತಂದು ಮೇಲೆ ಕೂರಿಸಿ.

ಗ್ಯಾದರಿಂಗಿನ ಹಿಂದಿನ ದಿನ ಸಭಾಂಗಣದಲ್ಲಿ ಹಾಕಿ ನೋಡಿದೆವು. ಪ್ರೊಜೆಕ್ಟರಿನಲ್ಲಿ ಚಿತ್ರವೆಲ್ಲ ಹಳದಿ. "ಸರ, ಎಲ್ಲಾ ಭಂಡಾರ ಆಗೇತ್ರಿ!" ಅಂತ ಯಾದಗಿರಿಯ ಹುಡುಗಿ ಹಿಂದಿನಿಂದ ಕೂಗಿದಳು. ಹಳೆಯ ವಿಜಿಎ ಕೇಬಲ್ಲಿನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪಿನ್ನು. ನೀಲಿಯದ್ದು ಸಡಿಲವಾದರೆ ಉಳಿದ ಎರಡು ಸೇರಿ ಹಳದಿ. ಕೇಬಲ್ ಬದಲಿಸಿದೆವು. ಕೇಬಲ್ ಸರಿಹೋದರೂ ಕತ್ತಲ ದೃಶ್ಯಗಳು ಕಾಣಲಿಲ್ಲ, ಯಾಕೆಂದರೆ ಸಭಾಂಗಣದ ಕಿಟಕಿಗಳಿಗೆ ಪರದೆಯಿಲ್ಲ, ಕಾರ್ಯಕ್ರಮ ಹಗಲು. ಎಲ್ಲ ಚಿತ್ರಗಳ ನೆರಳಿನ ಭಾಗಗಳನ್ನು ಸ್ವಲ್ಪ ಬೆಳಗಿಸಿ, ಪ್ರೊಜೆಕ್ಟರಿಗೆಂದೇ ಬೇರೆ ಪ್ರತಿ ತೆಗೆದೆವು. ಪೆನ್‌ಡ್ರೈವಿನ ಫಾರ್ಮ್ಯಾಟ್ ಎಫ್‌ಎಟಿ32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಎಫ್‌ಎಟಿ ಮಾಡಿಕೊಳ್ಳಿ. ಎಲ್ಲ ಚಿತ್ರಗಳನ್ನು ಒಂದೇ ಫೈಲಾಗಿ ಜೋಡಿಸಿ ಒಯ್ಯುವುದಕ್ಕಿಂತ ಬಿಡಿಬಿಡಿಯಾಗಿ ಒಯ್ದರೆ ಒಳ್ಳೆಯದು, ನಡುವೆ ಭಾಷಣ ಬಂದರೆ ನಿಲ್ಲಿಸಲು ಸುಲಭ.

ಪ್ರದರ್ಶನ ಮುಗಿದ ಮೇಲೆ ಹೋಟೆಲಿನ ಅಪ್ಪ ಬಂದು, ನಾನು ದಿನಾ ನಿಲ್ಲುವ ಜಾಗ ಹೀಗೆ ಕಾಣುತ್ತದೆ ಅಂತ ಗೊತ್ತಿರಲಿಲ್ಲ ಎಂದರು. ಮಗಳು ಪಕ್ಕದಲ್ಲಿ ನಿಂತು ಆವಿ ಹೇಗೆ ಹಿಡಿದೆ ಅಂತ ವಿವರಿಸುತ್ತಿದ್ದಳು.

ಒಪ್ಪಿಗೆ ಪತ್ರದ ಕನ್ನಡ ಮತ್ತು ಹಿಂದಿ ಪ್ರತಿ, ಪಾಠದ ವಿವರ, ಕೊಂಡ ಸಾಮಾನಿನ ಪಟ್ಟಿ ನನ್ನ ಬಳಿ ಇದೆ, ಕೇಳಿದವರಿಗೆ ಕೊಡುತ್ತೇನೆ. ಮುಂದಿನ ತಂಡಕ್ಕೆ ಜೂನ್‌ನಲ್ಲಿ ತರಗತಿ ಶುರುವಾಗಬೇಕು. ಮಂಡಳಿಯ ಫೆಬ್ರವರಿ ಸಭೆಯ ಪಟ್ಟಿಯಲ್ಲಿ ಬರಲೆಂದು ಅರ್ಜಿ ಈಗಲೇ ಕೊಟ್ಟಿದ್ದೇನೆ, ಸಭಾಂಗಣದ ಕಿಟಕಿಗಳಿಗೆ ಕಪ್ಪು ಪರದೆ ಕೇಳಿ ಇನ್ನೊಂದು ಅರ್ಜಿಯನ್ನೂ.